ಫಿಟ್ಸ್ ಮಾತ್ರೆ ಮತ್ತು ಮಗುವಿನ ತೂಕ: ಅಳೆಯುವುದು ಹೇಗೆ, ಯಾವಾಗ ಎಚ್ಚರವಾಗಬೇಕು, ಏನು ಮಾಡಬೇಕು

ಮಗುವಿಗೆ ಅಪಸ್ಮಾರದ ಔಷಧಿ ಶುರುವಾದಾಗ ಮನೆಯವರ ಗಮನವೆಲ್ಲ ಫಿಟ್ಸ್ ನಿಂತಿತೋ ಇಲ್ಲವೋ ಎಂಬುದರ ಮೇಲೇ ಇರುತ್ತದೆ. ತೂಕದ ನೆನಪಾಗುವುದು ಚಡ್ಡಿಯ ಗುಂಡಿ ಕೂರದೇ ಹೋದಾಗ, ಇಲ್ಲವೇ ಸ್ನಾನ ಮಾಡಿಸುವಾಗ ಪಕ್ಕೆಲುಬು ಕೈಗೆ ತಾಗಿದಾಗ. ಅಷ್ಟರಲ್ಲಿ ನಾಲ್ಕೈದು ತಿಂಗಳು ಕಳೆದಿರುತ್ತದೆ. ಮೊದಲು ಎಷ್ಟಿತ್ತು ಎಂದು ಡಾಕ್ಟರು ಕೇಳಿದರೆ ಹೇಳಲು ಯಾರ ಬಳಿಯೂ ಅಂಕಿ ಇರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಮೊದಲ ಡೋಸಿಗಿಂತ ಮುಂಚಿನದು: ತೂಕ ಮತ್ತು ಎತ್ತರ ಎರಡನ್ನೂ ಅಳೆದು, ತಾರೀಖು ಹಾಕಿ ಬರೆದಿಡಿ. ಔಷಧಿ ಆಗಲೇ ಶುರುವಾಗಿದ್ದರೆ ಹಳೆಯ ಲಸಿಕೆ ಕಾರ್ಡು, ಶಾಲೆಯ ಆರೋಗ್ಯ ತಪಾಸಣೆಯ ಚೀಟಿ, ಹಳೆಯ ಪ್ರಿಸ್ಕ್ರಿಪ್ಷನ್ ಎಲ್ಲವನ್ನೂ ಹುಡುಕಿ. ಮಕ್ಕಳ ಡಾಕ್ಟರು ಚೀಟಿಯ ಮೇಲ್ತುದಿಯಲ್ಲಿ ತೂಕ ಬರೆಯುವುದು ರೂಢಿ. ಹಿಂದಿನ ಎರಡು ವರ್ಷದಲ್ಲಿ ಮೂರು ಅಂಕಿ ಸಿಕ್ಕಿದರೂ ಸಾಕು, ಮಗು ಬೆಳೆಯುತ್ತಿದ್ದ ದಾರಿ ಕಾಣುತ್ತದೆ.

ಯಾವ ಔಷಧಿ ಯಾವ ಕಡೆಗೆ ಎಳೆಯುತ್ತದೆ

ಒಂದೇ ಔಷಧಿ ಹತ್ತಾರು ಬ್ರ್ಯಾಂಡ್ ಹೆಸರಿನಲ್ಲಿ ಬರುತ್ತದೆ. ಸ್ಟ್ರಿಪ್ಪಿನ ಮೇಲೆ ದೊಡ್ಡಕ್ಷರದಲ್ಲಿರುವ ಹೆಸರನ್ನು ಬಿಟ್ಟು ಕೆಳಗೆ ಸಣ್ಣಕ್ಷರದಲ್ಲಿರುವ ಮೂಲ ಹೆಸರನ್ನು ಓದಿ.

ತೂಕ ಹೆಚ್ಚಿಸುವುದರಲ್ಲಿ ಮುಂದಿರುವುದು ಸೋಡಿಯಂ ವ್ಯಾಲ್ಪ್ರೋಯೇಟ್. ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ವಿಗಾಬಾಟ್ರಿನ್ ಕೂಡ ಇದೇ ಸಾಲಿನವು. ಪೆರಂಪನೆಲ್, ಕಾರ್ಬಮಝೆಪೀನ್, ಕ್ಲೋಬಝಾಮ್ ಕೆಲವು ಮಕ್ಕಳಲ್ಲಿ ಮಾತ್ರ ಸ್ವಲ್ಪ ಏರಿಸುತ್ತವೆ. ತೂಕ ಇಳಿಸುವುದರಲ್ಲಿ ಟೋಪಿರಮೇಟ್ ಮತ್ತು ಝೋನಿಸಮೈಡ್ ಮೊದಲು. ಎಥೋಸಕ್ಸಿಮೈಡ್, ರುಫಿನಮೈಡ್, ಸ್ಟಿರಿಪೆಂಟಾಲ್, ಕ್ಯಾನಬಿಡಯಾಲ್, ಫೆನ್‌ಫ್ಲೂರಮೈನ್ ಇವೂ ಹಸಿವು ತಗ್ಗಿಸಬಲ್ಲವು. ಲ್ಯಾಮೋಟ್ರಿಜಿನ್, ಲೆವೆಟಿರಸೆಟಮ್, ಲ್ಯಾಕೋಸಮೈಡ್, ಫೆನಿಟೋಯಿನ್ ಸಾಮಾನ್ಯವಾಗಿ ತೂಕದ ತಂಟೆಗೆ ಹೋಗುವುದಿಲ್ಲ. ಆದರೆ 'ಸಾಮಾನ್ಯವಾಗಿ' ಎಂಬ ಮಾತನ್ನು ಮರೆಯಬೇಡಿ: ಲೆವೆಟಿರಸೆಟಮ್ ತಗೊಂಡು ಊಟ ಬಿಡುವ ಮಕ್ಕಳೂ ಇದ್ದಾರೆ, ವ್ಯಾಲ್ಪ್ರೋಯೇಟ್ ತಗೊಂಡು ಒಂದು ಗ್ರಾಮೂ ಹೆಚ್ಚು ಏರದ ಮಕ್ಕಳೂ ಇದ್ದಾರೆ. ಈ ಪಟ್ಟಿ ಎಲ್ಲಿ ಕಣ್ಣಿಡಬೇಕು ಎಂದು ತಿಳಿಸುತ್ತದೆ, ಅಷ್ಟೇ.

ವ್ಯಾಲ್ಪ್ರೋಯೇಟ್ ತೂಕ ಏರಿಸುವುದಕ್ಕೆ ಒಂದೇ ಕಾರಣವಿಲ್ಲ. ಹಸಿವು ಹೆಚ್ಚುತ್ತದೆ, ಅದರಲ್ಲೂ ಸಿಹಿ ಮತ್ತು ಹಿಟ್ಟಿನ ತಿಂಡಿಗಳ ಕಡೆ ಮನಸ್ಸು ಎಳೆಯುತ್ತದೆ. ರಕ್ತದಲ್ಲಿ ಇನ್ಸುಲಿನ್ ಮಟ್ಟ ಏರುತ್ತದೆ. ಹೊಟ್ಟೆ ತುಂಬಿತು ಎಂದು ಮೆದುಳಿಗೆ ತಿಳಿಸುವ ಲೆಪ್ಟಿನ್ ಹಾರ್ಮೋನಿನ ಮಾತು ನಾಟುವುದಿಲ್ಲ. ಹಾಗಾಗಿ ಊಟ ಮುಗಿದು ಅರ್ಧ ಗಂಟೆಗೆ ಮತ್ತೆ ಹಸಿವೆ ಎನ್ನುವ ಮಗು ಹಟ ಮಾಡುತ್ತಿಲ್ಲ, ಅದಕ್ಕೆ ನಿಜವಾಗಿ ಹಸಿವಾಗುತ್ತಿದೆ. ಇದನ್ನು ಮನೆಯವರು ಒಪ್ಪಿಕೊಳ್ಳದೆ ಗದರುತ್ತಾ ಹೋದರೆ ಮಗು ಕದ್ದು ತಿನ್ನುವುದನ್ನು ಕಲಿಯುತ್ತದೆ. ಆಮೇಲೆ ಲೆಕ್ಕವೇ ಸಿಗುವುದಿಲ್ಲ.

ಟೋಪಿರಮೇಟ್‌ದು ತದ್ವಿರುದ್ಧ. ತಟ್ಟೆ ಮುಂದಿಟ್ಟರೆ ನಾಲ್ಕು ತುತ್ತಿಗೆ ಸಾಕು ಎನಿಸುತ್ತದೆ, ರುಚಿಯೂ ಬದಲಾಗುತ್ತದೆ. ಗ್ಯಾಸ್ ತುಂಬಿದ ತಂಪು ಪಾನೀಯ ಸಪ್ಪೆ ಅಥವಾ ಲೋಹದ ರುಚಿ ಎಂದು ಮಗು ಹೇಳಿದರೆ ಅದು ಕಲ್ಪನೆಯಲ್ಲ, ಈ ಔಷಧಿಯ ಗುರುತೇ ಅದು. ಮಾತು ಬಾರದ ಮಗುವಿನಲ್ಲಿ ಇದು ಇಷ್ಟದ ತಿಂಡಿಯನ್ನೇ ಉಗಿಯುವ ರೂಪದಲ್ಲಿ ಕಾಣಿಸಿಕೊಳ್ಳಬಹುದು.

ಎಳೆಗೂಸುಗಳ ಸ್ಪಾಸಮ್‌ಗೆ (ಮೈ ಮತ್ತೆಮತ್ತೆ ಸೆಟೆಯುವ ಒಂದು ಬಗೆಯ ಫಿಟ್ಸ್) ಕೊಡುವ ಸ್ಟೀರಾಯ್ಡ್ ಮತ್ತು ಎಸಿಟಿಎಚ್ (ದೇಹದಲ್ಲೇ ಸ್ಟೀರಾಯ್ಡ್ ಹುಟ್ಟಿಸುವ ಹಾರ್ಮೋನು) ಚುಚ್ಚುಮದ್ದು ಬೇರೆಯದೇ ಕಥೆ. ಕೆಲವೇ ವಾರಗಳಲ್ಲಿ ಮುಖ ದುಂಡಗಾಗುತ್ತದೆ, ಕೂಸು ಸದಾ ಹಾಲಿಗೆ ಅಳುತ್ತದೆ, ತೂಕ ಜಿಗಿಯುತ್ತದೆ. ಅದರಲ್ಲಿ ಸ್ವಲ್ಪ ಭಾಗ ನೀರು. ಕೋರ್ಸ್ ಮುಗಿದ ಮೇಲೆ ಹೆಚ್ಚಿನದು ತಾನಾಗಿ ಇಳಿಯುತ್ತದೆ. ಆ ಅವಧಿಯಲ್ಲಿ ತೂಕಕ್ಕಿಂತ ರಕ್ತದೊತ್ತಡ ಮತ್ತು ಸೋಂಕಿನ ಮೇಲೆ ನಿಗಾ ಮುಖ್ಯ. ಸ್ಟೀರಾಯ್ಡನ್ನು ಹಠಾತ್ತನೆ ನಿಲ್ಲಿಸುವಂತೆಯೂ ಇಲ್ಲ.

ಅಳೆಯುವ ಕ್ರಮ

ಒಂದೇ ಯಂತ್ರ, ಒಂದೇ ಹೊತ್ತು, ಒಂದೇ ರೀತಿಯ ಬಟ್ಟೆ. ಬೆಳಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮೊದಲು, ಬನಿಯನ್ ಚಡ್ಡಿಯಲ್ಲಿ, ಬರಿಗಾಲಲ್ಲಿ. ಯಂತ್ರ ಗಟ್ಟಿ ನೆಲದ ಮೇಲಿರಲಿ. ಚಾಪೆ, ಕಾರ್ಪೆಟ್ ಮೇಲಿಟ್ಟರೆ ಅಂಕಿ ತಪ್ಪುತ್ತದೆ. ಮಗು ಕುಡಿದ ಒಂದು ಲೋಟ ನೀರೇ ಕಾಲು ಕಿಲೋ. ಆದ್ದರಿಂದ ಬೆಳಗ್ಗೆಯ ತೂಕವನ್ನು ಸಂಜೆಯ ತೂಕಕ್ಕೆ ಹೋಲಿಸಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಆಸ್ಪತ್ರೆಯ ಯಂತ್ರಕ್ಕೂ ಮನೆಯದಕ್ಕೂ ವ್ಯತ್ಯಾಸವಿದ್ದೇ ಇರುತ್ತದೆ. ಆಸ್ಪತ್ರೆಗೆ ಹೋಗುವ ದಿನ ಬೆಳಗ್ಗೆ ಮನೆಯಲ್ಲೂ ತೂಗಿದರೆ ಆ ವ್ಯತ್ಯಾಸ ಎಷ್ಟೆಂದು ಗೊತ್ತಾಗುತ್ತದೆ.

ಕೂಸುಗಳನ್ನು ಡಯಾಪರ್ ಬಿಚ್ಚಿ, ಕೂಸುಗಳ ತೂಕದ ಯಂತ್ರದಲ್ಲೇ ತೂಗಬೇಕು. ದೊಡ್ಡವರು ಎತ್ತಿಕೊಂಡು ನಿಂತು, ಆಮೇಲೆ ತಾವೊಬ್ಬರೇ ನಿಂತು ಕಳೆಯುವ ಉಪಾಯ ನಡೆಯಲು ಬಾರದ ದೊಡ್ಡ ಮಗುವಿಗೆ ಸರಿ, ಎಳೆಗೂಸಿಗೆ ಅಲ್ಲ. ಮನೆಯ ಯಂತ್ರಗಳು 100 ಗ್ರಾಂ ಲೆಕ್ಕದಲ್ಲಿ ತೋರಿಸುತ್ತವೆ. ಎರಡು ಸಲ ತೂಗಿ ಕಳೆದಾಗ ಎರಡರ ತಪ್ಪೂ ಸೇರಿಕೊಳ್ಳುತ್ತದೆ. ಆರು ಕಿಲೋದ ಕೂಸಿನಲ್ಲಿ 200 ಗ್ರಾಂ ಎಂದರೆ ಇಡೀ ಒಂದೆರಡು ವಾರದ ಬೆಳವಣಿಗೆ. ಗಾಲಿಕುರ್ಚಿಯ ಮಗುವಾದರೆ ಕುರ್ಚಿ ಸಮೇತ ತೂಗುವ ಯಂತ್ರ ಯಾವ ಆಸ್ಪತ್ರೆಯಲ್ಲಿದೆ ಎಂದು ವಿಚಾರಿಸಿಟ್ಟುಕೊಳ್ಳಿ. ಕುರ್ಚಿಯ ತೂಕವನ್ನು ಪ್ರತಿಸಲವೂ ಬೇರೆಯಾಗಿ ತೂಗಿ ಕಳೆಯಬೇಕು. ಬೆಲ್ಟು, ಟ್ರೇ, ಚೀಲ ಸೇರಿದ್ದು ಯಾರಿಗೂ ನೆನಪಿರುವುದಿಲ್ಲ.

ಎಷ್ಟು ದಿನಕ್ಕೊಮ್ಮೆ? ಹೊಸ ಔಷಧಿ ಶುರುವಾದ ಅಥವಾ ಡೋಸ್ ಏರಿದ ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಒಂದು ವರ್ಷದೊಳಗಿನ ಕೂಸಿಗೆ ವಾರಕ್ಕೊಮ್ಮೆ. ದಿನಾ ತೂಗಬೇಡಿ. ಅದರಿಂದ ತಿಳಿಯುವುದು ಕಡಿಮೆ, ಮಗುವಿಗಾಗುವ ಹಿಂಸೆ ಹೆಚ್ಚು.

ಎತ್ತರವನ್ನು ಮೂರು ತಿಂಗಳಿಗೊಮ್ಮೆ ಅಳೆದರೆ ಸಾಕು, ಆದರೆ ಸರಿಯಾಗಿ ಅಳೆಯಬೇಕು. ಕೆಳಗೆ ಪಟ್ಟಿ ಇಲ್ಲದ ನೇರ ಗೋಡೆ ಆರಿಸಿ. ಹಿಮ್ಮಡಿ, ಪಿರ್ರೆ, ಭುಜ ಗೋಡೆಗೆ ತಾಗಲಿ. ಜಡೆ, ಜುಟ್ಟು ಬಿಚ್ಚಿ. ದೃಷ್ಟಿ ನೇರ ಮುಂದಿರಲಿ, ಗಲ್ಲ ಎತ್ತಿದರೂ ತಗ್ಗಿಸಿದರೂ ಅಂಕಿ ಬದಲಾಗುತ್ತದೆ. ಗಟ್ಟಿ ರಟ್ಟಿನ ಪುಸ್ತಕದ ಒಂದು ಅಂಚನ್ನು ಗೋಡೆಗೆ ಒತ್ತಿ ಹಿಡಿದು ಕೂದಲು ಅಮುಕುವಂತೆ ತಲೆಯ ಮೇಲೆ ಇಳಿಸಿ, ಕೆಳಗಿನ ಅಂಚಿಗೆ ಪೆನ್ಸಿಲ್ ಗೆರೆ ಹಾಕಿ. ಮಗುವನ್ನು ಸರಿಸಿ ನೆಲದಿಂದ ಗೆರೆಯವರೆಗೆ ಸ್ಟೀಲ್ ಟೇಪಿನಲ್ಲಿ ಅಳೆಯಿರಿ. ಮೂರು ಸಲ ಮಾಡಿ ನಡುವಿನ ಅಂಕಿ ಬರೆಯಿರಿ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯುವುದು, ಅದನ್ನು ಆಸ್ಪತ್ರೆಗೇ ಬಿಡಿ. ನಿಲ್ಲಲಾರದ ಮಕ್ಕಳಿಗೆ ಮೊಣಕಾಲಿನ ಎತ್ತರ ಅಥವಾ ಮುಂಗೈ ಮೂಳೆಯ ಉದ್ದದಿಂದ ಅಂದಾಜು ಮಾಡುತ್ತಾರೆ. ಜೊತೆಗೆ ತೋಳಿನ ನಡುಭಾಗದ ಸುತ್ತಳತೆ ಬರೆದಿಟ್ಟರೆ ಬಹಳ ಉಪಯೋಗ.

ಅಂಕಿಯನ್ನು ಓದುವುದು

ಮಗು ಬೆಳೆಯುತ್ತಿರುತ್ತದೆ, ಹಾಗಾಗಿ ತೂಕ ಏರಲೇಬೇಕು. ಎರಡು ವರ್ಷದಿಂದ ಪ್ರಾಯ ಶುರುವಾಗುವವರೆಗೆ ವರ್ಷಕ್ಕೆ ಸುಮಾರು 2ರಿಂದ 3 ಕಿಲೋ ತೂಕ, 5ರಿಂದ 6 ಸೆಂಟಿಮೀಟರ್ ಎತ್ತರ ಎಂಬುದು ಸಾಧಾರಣ ಲೆಕ್ಕ. ಪ್ರಾಯದ ಜಿಗಿತದಲ್ಲಿ ಎರಡೂ ಹೆಚ್ಚು. ಅಪಾಯ ಇರುವುದು ಎತ್ತರವನ್ನು ಹಿಂದೆ ಬಿಟ್ಟು ತೂಕವೊಂದೇ ಓಡಿದಾಗ. ತೂಕ ನಿಂತಲ್ಲೇ ನಿಂತು ಎತ್ತರ ಮಾತ್ರ ಏರಿದಾಗಲೂ ಅಪಾಯವೇ. ಈ ಎರಡನೆಯದನ್ನು ಜನ ಗಮನಿಸುವುದಿಲ್ಲ. ತೂಕ ಇಳಿದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಮೊದಲೇ ತೂಕ ಹೆಚ್ಚಿಲ್ಲದ, ಬೆಳೆಯುವ ಮಗುವಿನಲ್ಲಿ ಆರು ತಿಂಗಳು ತೂಕ ಏರದಿರುವುದು ಇಳಿದ ಲೆಕ್ಕವೇ.

ಒಂದು ಉದಾಹರಣೆ ಹಾಕಿ ನೋಡೋಣ. ಎಂಟು ವರ್ಷದ ಮಗು, 25 ಕಿಲೋ, 125 ಸೆಂಟಿಮೀಟರ್. ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ: 25ನ್ನು 1.25ರಿಂದ, ಬಂದದ್ದನ್ನು ಮತ್ತೆ 1.25ರಿಂದ, ಅಂದರೆ 16. ವ್ಯಾಲ್ಪ್ರೋಯೇಟ್ ಶುರುವಾಗಿ ಆರು ತಿಂಗಳಿಗೆ 29 ಕಿಲೋ, 128 ಸೆಂಟಿಮೀಟರ್. ಬಿಎಂಐ 17.7. ಈ ವಯಸ್ಸಿನಲ್ಲಿ ಬಿಎಂಐ ಸಾಮಾನ್ಯವಾಗಿ ಇಡೀ ವರ್ಷಕ್ಕೆ ಅರ್ಧ ಅಂಕವೂ ಏರುವುದಿಲ್ಲ. ಇಲ್ಲಿ ಅರ್ಧ ವರ್ಷಕ್ಕೆ 1.7 ಏರಿದೆ. ಮಗು ಇನ್ನೂ ನೋಡಲು ದಪ್ಪವೆನಿಸದಿರಬಹುದು, ಮೈ ತುಂಬಿಕೊಂಡಿದೆ ಎಂದು ನೆಂಟರು ಖುಷಿಪಡಲೂಬಹುದು. ಆದರೆ ಮಾತಾಡಬೇಕಾದ ಸಮಯ ಇದೇ.

ಬಿಎಂಐಯನ್ನು ದೊಡ್ಡವರ 25, 30ರ ಗೆರೆಗೆ ಹೋಲಿಸಬೇಡಿ. ಮಕ್ಕಳಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ಚಾರ್ಟ್ ಬೇಕು. ವಿಶ್ವ ಆರೋಗ್ಯ ಸಂಸ್ಥೆಯದು 5 ವರ್ಷದವರೆಗೆ ಒಂದು, 5ರಿಂದ 19ಕ್ಕೆ ಇನ್ನೊಂದು. ಎರಡನೆಯದರಲ್ಲಿ ನಡುಗೆರೆಯಿಂದ ಮೇಲೆ ಒಂದನೇ ಗೆರೆ ದಾಟಿದರೆ ಅಧಿಕ ತೂಕ, ಎರಡನೇ ಗೆರೆ ದಾಟಿದರೆ ಬೊಜ್ಜು, ಕೆಳಗಿನ ಎರಡನೇ ಗೆರೆಗಿಂತ ಇಳಿದರೆ ಕೃಶ. ಚಾರ್ಟಿನ ಮೇಲೆ ಚುಕ್ಕೆಗಳನ್ನಿಟ್ಟು ಗೆರೆ ಎಳೆಯಿರಿ. ಔಷಧಿ ಶುರುವಾದ, ಡೋಸ್ ಬದಲಾದ, ಜ್ವರ ಬಂದ ದಿನಗಳಿಗೆ ಬಾಣದ ಗುರುತು ಹಾಕಿ. ಚುಕ್ಕೆ ಯಾವ ಗೆರೆಯ ಮೇಲಿದೆ ಎನ್ನುವುದಕ್ಕಿಂತ ಮಗು ತನ್ನ ಹಳೆಯ ದಾರಿ ಬಿಟ್ಟು ಯಾವ ಕಡೆ ಹೊರಳಿತು ಎನ್ನುವುದೇ ಹೆಚ್ಚು ಹೇಳುತ್ತದೆ.

ಡಾಕ್ಟರಿಗೆ ಫೋನ್ ಮಾಡಲು ಒಂದು ಗೆರೆ ಬೇಕಲ್ಲ. ಒಂದು ತಿಂಗಳಲ್ಲಿ ತೂಕದ ನೂರಕ್ಕೆ ಐದು ಭಾಗ ಇಳಿದರೆ, ಅಂದರೆ 20 ಕಿಲೋದ ಮಗು 1 ಕಿಲೋ ಕಳೆದುಕೊಂಡರೆ, ಮುಂದಿನ ತಪಾಸಣೆಗೆ ಕಾಯಬೇಡಿ. ಕೂಸು ಎರಡು ವಾರ ಏನೂ ಏರದಿದ್ದರೂ ಹಾಗೆಯೇ. ಏರಿಕೆಯ ಬಗ್ಗೆಯಾದರೆ, ಮೂರು ತಿಂಗಳಲ್ಲಿ ಇಡೀ ವರ್ಷದ್ದು ಏರಿಬಿಟ್ಟರೆ ತಿಳಿಸಿ.

ದೂರೆಲ್ಲ ಮಾತ್ರೆಯ ಮೇಲೆ ಹೊರಿಸುವ ಮೊದಲು

ಫಿಟ್ಸ್ ಬಂದಮೇಲೆ ಮನೆಯವರು ಭಯದಿಂದ ಮಗುವನ್ನು ಆಟಕ್ಕೆ ಬಿಡುವುದು ನಿಲ್ಲಿಸಿರುತ್ತಾರೆ. ಸೈಕಲ್ ಇಲ್ಲ, ಈಜು ಇಲ್ಲ, ಮೈದಾನ ಇಲ್ಲ, ಬದಲಿಗೆ ಕೈಯಲ್ಲಿ ಫೋನು. ಮಾತ್ರೆ ನುಂಗಿಸಲು ದಿನಕ್ಕೆರಡು ಸಲ ಲಂಚವಾಗಿ ಚಾಕೊಲೇಟು. ಕೆಲವು ಔಷಧಿಗಳಿಂದ ಮಂಪರು ಬಂದು ಮಗು ತಾನೇ ಓಡಾಟ ಕಡಿಮೆ ಮಾಡಿರುತ್ತದೆ. ಇಷ್ಟೂ ಸೇರಿ ತೂಕ ಏರಿದರೆ ಮಾತ್ರೆ ಬದಲಿಸಿಯೂ ಪ್ರಯೋಜನವಾಗದು.

ಬೇರೆ ಔಷಧಿಗಳನ್ನೂ ನೋಡಿ. ವರ್ತನೆಗೆಂದು ಕೊಡುವ ರಿಸ್ಪೆರಿಡೋನ್ ತೂಕ ಏರಿಸುತ್ತದೆ, ಗಮನದ ಕೊರತೆಗೆ ಕೊಡುವ ಮೀಥೈಲ್‌ಫೆನಿಡೇಟ್ ಹಸಿವು ಕೊಲ್ಲುತ್ತದೆ. ಎತ್ತರದ ಓಟ ನಿಧಾನವಾಗಿ ತೂಕ ಮಾತ್ರ ಏರುತ್ತಿದ್ದರೆ, ಜೊತೆಗೆ ಮಲಬದ್ಧತೆ, ಚಳಿ, ಒಣಚರ್ಮ ಇದ್ದರೆ ಥೈರಾಯ್ಡ್ ಪರೀಕ್ಷೆ ಕೇಳಿ. ಮೊಣಕಾಲಿನ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿಂದ ಹತ್ತು ಸೆಕೆಂಡ್ ಒತ್ತಿ ತೆಗೆದಾಗ ಗುಳಿ ಉಳಿದರೆ ಅದು ಕೊಬ್ಬಲ್ಲ, ನೀರು. ಅದನ್ನು ಬೇಗ ತೋರಿಸಬೇಕು.

ತೂಕ ಏರುತ್ತಿದ್ದರೆ

ಮಾತ್ರೆಯನ್ನು ಮುಟ್ಟಬೇಡಿ. ಅರ್ಧ ಮಾಡುವುದು, ರಾತ್ರಿಯದನ್ನು ಬಿಡುವುದು, ವಾರಕ್ಕೊಂದು ದಿನ 'ರಜೆ' ಕೊಡುವುದು ಯಾವುದೂ ಬೇಡ. ಔಷಧಿಯ ಮಟ್ಟ ಹಠಾತ್ತನೆ ಕುಸಿದರೆ ನಿಂತಿದ್ದ ಫಿಟ್ಸ್ ಮರಳುತ್ತವೆ. ಒಂದರ ಹಿಂದೊಂದು ಬರುವ, ನಿಲ್ಲದ ಫಿಟ್ಸ್ ಆಗಲೂಬಹುದು. ಐದು ನಿಮಿಷ ದಾಟಿದ ಫಿಟ್ಸ್ ಜೀವಕ್ಕೆ ಅಪಾಯ. ನಾಲ್ಕು ಕಿಲೋ ಅದಕ್ಕೆ ಸಮವಲ್ಲ.

ಗುರಿ ಏನಿರಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಬೆಳೆಯುವ ಮಗುವಿನ ತೂಕ ಇಳಿಸಬೇಕಾಗಿಲ್ಲ, ತಡೆದು ಹಿಡಿದರೆ ಸಾಕು, ಎತ್ತರ ಉಳಿದ ಕೆಲಸ ಮಾಡುತ್ತದೆ. ಮೇಲಿನ ಮಗುವನ್ನೇ ತಗೊಳ್ಳಿ: 29 ಕಿಲೋದಲ್ಲೇ ನಿಂತು ಎತ್ತರ 134 ಸೆಂಟಿಮೀಟರ್ ಆದರೆ ಬಿಎಂಐ 16.2. ಸುಮಾರು ಒಂದು ವರ್ಷದ ಬೆಳವಣಿಗೆ, ಒಂದು ಗ್ರಾಮೂ ಇಳಿಸದೆ. ತುಂಬ ಬೊಜ್ಜು ಬಂದ ಮಗು, ಎತ್ತರ ಬೆಳೆದು ಮುಗಿದ ಹದಿಹರೆಯದವರು ಇದಕ್ಕೆ ಹೊರತು. ಅವರಿಗೆ ಆಹಾರ ತಜ್ಞರ ಲೆಕ್ಕವೇ ಬೇಕು.

ಆ ಹೆಚ್ಚುವರಿ ತೂಕ ಎಲ್ಲಿಂದ ಬಂತು? ಆರು ತಿಂಗಳಲ್ಲಿ ಏರಿದ 4 ಕಿಲೋದಲ್ಲಿ ಒಂದೂಕಾಲು ಕಿಲೋ ಸಹಜ ಬೆಳವಣಿಗೆ ಎಂದು ಬಿಡಿ. ಉಳಿದ 2.75 ಕಿಲೋ ಪೂರ್ತಿ ಕೊಬ್ಬೆಂದುಕೊಂಡು, ಕಿಲೋಗೆ 7,700 ಕಿಲೋಕ್ಯಾಲರಿ ಎಂಬ ಒರಟು ಲೆಕ್ಕ ಹಾಕಿ 180 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 120 ಕಿಲೋಕ್ಯಾಲರಿ. 250 ಮಿಲೀ ಸಿಹಿ ತಂಪು ಪಾನೀಯದಲ್ಲಿ ಇರುವುದು ಹತ್ತಿರಹತ್ತಿರ ಅಷ್ಟೇ. ಅಂದರೆ ಮಗು ರಾಶಿ ತಿಂದು ದಪ್ಪಗಾದದ್ದಲ್ಲ, ದಿನಕ್ಕೊಂದು ಲೋಟದಷ್ಟು ಹೆಚ್ಚಾಗಿದೆ. ತಡೆಯಬೇಕಾದದ್ದೂ ಅಷ್ಟೇ. ಊಟವನ್ನು ಅರ್ಧಕ್ಕಿಳಿಸುವ ಅಗತ್ಯವೇ ಇಲ್ಲ.

ಹಾಗಾಗಿ ಮೊದಲು ಕುಡಿಯುವುದನ್ನು ಸರಿಪಡಿಸಿ: ಸಕ್ಕರೆ ಹಾಕಿದ ಹಾಲು, ಜ್ಯೂಸ್, ತಂಪು ಪಾನೀಯದ ಜಾಗಕ್ಕೆ ನೀರು ಮತ್ತು ಸಕ್ಕರೆಯಿಲ್ಲದ ಹಾಲು. ಇದೊಂದರಿಂದಲೇ ಎಷ್ಟೋ ಮಕ್ಕಳ ಗೆರೆ ತಿರುಗುತ್ತದೆ. ಎರಡನೆಯದು ತಟ್ಟೆ. ತರಕಾರಿ, ಕಾಳು, ಮೊಟ್ಟೆ, ಮೀನಿನಂಥದ್ದು ಮೊದಲು ಬಡಿಸಿ, ಹಿಟ್ಟು ಅಥವಾ ಅನ್ನದಂಥದ್ದು ಆಮೇಲೆ. ಎರಡನೇ ಸಲ ಕೇಳಿದರೆ ಇಲ್ಲವೆನ್ನದೆ ಇಪ್ಪತ್ತು ನಿಮಿಷ ಬಿಟ್ಟು ಕೊಡುವುದಾಗಿ ಹೇಳಿ, ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಅಷ್ಟು ಹೊತ್ತು ಬೇಕು. ಆಮೇಲೂ ಹಸಿವೆಂದರೆ ಕೊಡಿ. ಮೂರು ಊಟ, ನಡುವೆ ಎರಡು ನಿಗದಿತ ಸಣ್ಣ ತಿಂಡಿ ಎಂದು ಹೊತ್ತು ಕಟ್ಟಿದರೆ ವ್ಯಾಲ್ಪ್ರೋಯೇಟ್ ಹಸಿವನ್ನು ನಿಭಾಯಿಸುವುದು ಸುಲಭ. ಮನೆಯಲ್ಲಿ ಇರಬಾರದ ತಿಂಡಿಯನ್ನು ಬೀಗ ಹಾಕಿ ಇಡುವುದಕ್ಕಿಂತ ತರದೇ ಇರುವುದು ಮೇಲು. ನಿಯಮ ಮನೆಮಂದಿಗೆಲ್ಲ ಒಂದೇ ಆಗಿರಲಿ. ಅಕ್ಕನಿಗೆ ಐಸ್‌ಕ್ರೀಮು, ಫಿಟ್ಸ್ ಇರುವ ತಮ್ಮನಿಗೆ ಸೌತೆಕಾಯಿ ಎಂದರೆ ಅದು ಶಿಕ್ಷೆಯಾಗಿಬಿಡುತ್ತದೆ.

ಊಟ ಬಿಡಿಸುವುದು, ಉಪವಾಸ, ಹೊತ್ತು ಮೀರಿಸಿ ತಿನ್ನಿಸುವುದು ಬೇಡ. ಬರಿಹೊಟ್ಟೆ ಕೆಲವು ಮಕ್ಕಳಲ್ಲಿ ಫಿಟ್ಸ್ ಕರೆದುಕೊಂಡು ಬರುತ್ತದೆ. ಸಣ್ಣಗಾಗಿಸುವ ಪುಡಿ, ಚಹಾ, ಮಾತ್ರೆಗಳಂತೂ ಬೇಡವೇ ಬೇಡ. ದೊಡ್ಡವರಿಗೆ ತೂಕಕ್ಕೆ ಕೊಡುವ ಬುಪ್ರೋಪಿಯಾನ್ ಫಿಟ್ಸ್ ಬರಿಸಬಲ್ಲದು, ಓರ್ಲಿಸ್ಟ್ಯಾಟ್ ಅಪಸ್ಮಾರದ ಔಷಧಿ ರಕ್ತಕ್ಕೆ ಸೇರುವುದನ್ನು ಕೆಡಿಸಬಹುದು.

ಆಟವನ್ನು ವಾಪಸ್ ಕೊಡಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಷ್ಟು ಓಡಾಟ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ಅಪಸ್ಮಾರವಿದ್ದವರಿಗೂ ಅದೇ. ಓಟ, ಚೆಂಡಾಟ, ಕುಣಿತಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಈಜಿಗೆ ನೀರಿನಲ್ಲೇ ಜೊತೆಗೊಬ್ಬ ಈಜು ಬಲ್ಲ ದೊಡ್ಡವರು, ಸೈಕಲ್‌ಗೆ ಹೆಲ್ಮೆಟ್ ಮತ್ತು ವಾಹನವಿಲ್ಲದ ಜಾಗ, ಎತ್ತರ ಹತ್ತುವ ಆಟಕ್ಕೆ ಡಾಕ್ಟರ ಒಪ್ಪಿಗೆ. ನಿದ್ದೆ ಕೆಡಿಸಿ ವ್ಯಾಯಾಮ ಮಾಡಿಸಬೇಡಿ. ನಿದ್ದೆಗೆಟ್ಟರೆ ಫಿಟ್ಸ್‌ಗೂ ಕಾರಣ, ಹಸಿವು ಹೆಚ್ಚಲೂ ಕಾರಣ.

ತೂಕ ಇಳಿಯುತ್ತಿದ್ದರೆ

ಮೊದಲು ಅಪಾಯದ ಗುರುತು ಬೇರೆ ಮಾಡಿ. ವ್ಯಾಲ್ಪ್ರೋಯೇಟ್ ತೆಗೆದುಕೊಳ್ಳುವ ಮಗು ಊಟ ಬಿಟ್ಟು, ಪದೇಪದೇ ವಾಂತಿ, ಹೊಟ್ಟೆನೋವು, ವಿಪರೀತ ಮಂಪರು, ಕಣ್ಣು ಹಳದಿ, ಸುಮ್ಮಸುಮ್ಮನೆ ಮೈಮೇಲೆ ನೀಲಿ ಕಲೆ, ಅಥವಾ ನಿಯಂತ್ರಣದಲ್ಲಿದ್ದ ಫಿಟ್ಸ್ ಹೆಚ್ಚಾಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಅದು ತೂಕದ ಪ್ರಶ್ನೆಯಲ್ಲ. ಯಕೃತ್ತು ಅಥವಾ ಮೇದೋಜೀರಕ ಗ್ರಂಥಿಗೆ ಪೆಟ್ಟಾಗಿರಬಹುದು, ರಕ್ತದಲ್ಲಿ ಅಮೋನಿಯ ಏರಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಎರಡು ವರ್ಷದೊಳಗಿನ, ಒಂದಕ್ಕಿಂತ ಹೆಚ್ಚು ಔಷಧಿ ತೆಗೆದುಕೊಳ್ಳುವ ಮಕ್ಕಳಲ್ಲಿ ಈ ಅಪಾಯ ಹೆಚ್ಚು. ವ್ಯಾಲ್ಪ್ರೋಯೇಟ್ ಮೇಲಿದ್ದೂ ತೂಕ ಇಳಿಯುತ್ತಿದೆ ಎಂದರೆ ಅದೇ ಒಂದು ಎಚ್ಚರಿಕೆ.

ಟೋಪಿರಮೇಟ್, ಝೋನಿಸಮೈಡ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇವು ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತವೆ. ಅದರಿಂದ ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್ ಮೂತ್ರದಲ್ಲಿ ಸೋರಿಹೋಗಿ ರಕ್ತ ಆಮ್ಲೀಯವಾಗುತ್ತದೆ. ಆಮ್ಲೀಯತೆ ಹಸಿವನ್ನೂ ಕೊಲ್ಲುತ್ತದೆ, ಎತ್ತರದ ಬೆಳವಣಿಗೆಯನ್ನೂ ತಡೆಯುತ್ತದೆ. ಸುಸ್ತು, ಆಳವಾದ ವೇಗದ ಉಸಿರು ಇದ್ದರೆ, ಅಥವಾ ಚಾರ್ಟಿನಲ್ಲಿ ತೂಕ ಎತ್ತರ ಎರಡೂ ಬಾಗಿದ್ದರೆ ರಕ್ತದ ಬೈಕಾರ್ಬೊನೇಟ್ ಪರೀಕ್ಷೆ ಮಾಡಿಸಲು ಕೇಳಿ. ಇಲ್ಲಿ ಎಷ್ಟು ಬೆಣ್ಣೆ ತಿನ್ನಿಸಿದರೂ ಮೂಲ ಸರಿಯಾಗುವುದಿಲ್ಲ. ಇದೇ ಕಾರಣಕ್ಕೆ ಮೂತ್ರಪಿಂಡದ ಕಲ್ಲೂ ಬರಬಹುದು, ಹಾಗಾಗಿ ನೀರು ಧಾರಾಳ ಕುಡಿಸಿ. ಆದರೆ ಊಟಕ್ಕೆ ಮುಂಚಿನ ಅರ್ಧ ಗಂಟೆ ಬೇಡ, ಇರುವ ಚೂರು ಹಸಿವೂ ನೀರಿಗೇ ಹೋಗುತ್ತದೆ. ಬೆವರು ಕಡಿಮೆಯಾಗುವುದೂ ಇವೆರಡರ ಗುಣ. ಬಿಸಿಲಿನಲ್ಲಿ ಮಗುವಿನ ಮೈ ಕೆಂಪಾಗಿ ಬಿಸಿಯಾದರೂ ಬೆವರದಿದ್ದರೆ ನೆರಳಿಗೆ ಕರೆತಂದು ಮೈ ತಂಪು ಮಾಡಿ.

ತಿನ್ನಿಸುವುದು ಹೇಗೆ? ತಟ್ಟೆ ದೊಡ್ಡದು ಮಾಡಬೇಡಿ, ತುತ್ತು ಗಟ್ಟಿ ಮಾಡಿ. ಒಂದು ಚಹಾ ಚಮಚ ಎಣ್ಣೆಯಲ್ಲಿ ಸುಮಾರು 40 ಕಿಲೋಕ್ಯಾಲರಿ ಇದೆ. ದಿನದ ಮೂರು ಊಟಕ್ಕೂ ಒಂದೊಂದು ಚಮಚ ಬೆರೆಸಿದರೆ ಮಗುವಿಗೆ ಗೊತ್ತಾಗದಂತೆ 120 ಸೇರಿತು. ಕೆನೆಭರಿತ ಹಾಲು, ಗಟ್ಟಿ ಮೊಸರು, ಮೊಟ್ಟೆ, ನುಣ್ಣಗೆ ಅರೆದ ಬೀಜಗಳ ಪೇಸ್ಟು ಇವೆಲ್ಲ ಸಣ್ಣ ತುತ್ತಿನಲ್ಲಿ ಹೆಚ್ಚು ಬಲ ಕೊಡುವವು. ದಿನಕ್ಕೆ ಐದಾರು ಸಣ್ಣ ಊಟ ಮಾಡಿ. ಮಗುವಿಗೆ ದಿನದ ಯಾವ ಹೊತ್ತಿನಲ್ಲಿ ಹಸಿವು ಚೆನ್ನಾಗಿದೆ ಎಂದು ಒಂದು ವಾರ ಗಮನಿಸಿ, ಹೆಚ್ಚಿನವರಿಗೆ ಅದು ಬೆಳಗ್ಗೆ, ದಿನದ ದೊಡ್ಡ ಊಟವನ್ನು ಆ ಹೊತ್ತಿಗೇ ಸರಿಸಿ. ಎಥೋಸಕ್ಸಿಮೈಡ್, ವ್ಯಾಲ್ಪ್ರೋಯೇಟ್ ಹೊಟ್ಟೆ ತೊಳಸಿದಂತೆ ಮಾಡುವುದರಿಂದ ಊಟದ ಜೊತೆ ಕೊಟ್ಟರೆ ಮೇಲು. ಬಲವಂತದಿಂದ ಬಾಯಿಗೆ ತುರುಕುವುದು ಮಾತ್ರ ಬೇಡ. ಮಂಪರಿರುವ ಮಗುವಿನಲ್ಲಿ ತುತ್ತು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಮಗು ಕೀಟೋಜೆನಿಕ್ ಆಹಾರದಲ್ಲಿದ್ದರೆ (ಫಿಟ್ಸ್ ತಡೆಯಲು ಕೊಡುವ, ಕೊಬ್ಬು ಹೆಚ್ಚು, ಹಿಟ್ಟು ಸಕ್ಕರೆ ತೀರ ಕಡಿಮೆ ಇರುವ ಊಟ) ಮೇಲಿನ ಯಾವುದನ್ನೂ ನೀವಾಗಿ ಮಾಡಬೇಡಿ. ಅಲ್ಲಿ ಪ್ರತಿ ಗ್ರಾಮಿಗೂ ಅನುಪಾತವಿದೆ, ಸಿರಪ್ಪಿನ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ತೂಕದ ಅಂಕಿಯನ್ನು ಆಹಾರ ತಜ್ಞರಿಗೆ ಕಳಿಸಿ, ಅವರು ಲೆಕ್ಕ ತಿದ್ದಿಕೊಡಲಿ.

ಹದಿಹರೆಯದವರು

ಇವರಲ್ಲಿ ತೂಕದ ದೊಡ್ಡ ಅಪಾಯ ತೂಕವೇ ಅಲ್ಲ, ಮಾತ್ರೆ ಕದ್ದು ಎಸೆಯುವುದು. ಕನ್ನಡಿ ನೋಡಿ, ಸಹಪಾಠಿಯ ಒಂದು ಮಾತು ಕೇಳಿ, ರಾತ್ರಿಯ ಮಾತ್ರೆ ಕಿಟಕಿಯಾಚೆ ಹೋಗುತ್ತದೆ. ಆಮೇಲೆ 'ಕಾರಣವಿಲ್ಲದೆ' ಫಿಟ್ಸ್ ಬಂದಾಗ ಡಾಕ್ಟರು ಡೋಸ್ ಏರಿಸುತ್ತಾರೆ, ತಪ್ಪು ತಪ್ಪನ್ನೇ ಹಡೆಯುತ್ತದೆ. ಈ ಮಾತ್ರೆಯಿಂದ ತೂಕ ಏರಬಹುದು ಎಂದು ಶುರು ಮಾಡುವ ದಿನವೇ ನೇರ ಹೇಳಿಬಿಡಿ. ಏರಿದರೆ ಬೇರೆ ದಾರಿಗಳಿವೆ, ಆದರೆ ನೀನಾಗಿ ನಿಲ್ಲಿಸಬೇಡ, ಮೊದಲು ನಮಗೆ ಹೇಳು ಎಂದು. ತೂಗುವುದು ಬಾಗಿಲು ಹಾಕಿಕೊಂಡು ನಡೆಯಲಿ, ಅಂಕಿಯನ್ನು ಅವರೇ ಬರೆದುಕೊಳ್ಳಲಿ.

ಹುಡುಗಿಯರಲ್ಲಿ ವ್ಯಾಲ್ಪ್ರೋಯೇಟ್ ಜೊತೆ ತೂಕ ಏರಿ, ಮುಟ್ಟು ತಪ್ಪಿ, ಮುಖದ ಮೇಲೆ ಕೂದಲು, ಮೊಡವೆ ಹೆಚ್ಚಾದರೆ ಪಿಸಿಓಎಸ್ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಇರಬಹುದು. ಅದಕ್ಕಿಂತ ಗಂಭೀರ ಸಂಗತಿ ಗರ್ಭದ್ದು: ಈ ಔಷಧಿ ತೆಗೆದುಕೊಳ್ಳುವಾಗ ಗರ್ಭ ನಿಂತರೆ ನೂರಕ್ಕೆ ಸುಮಾರು ಹತ್ತು ಮಕ್ಕಳಿಗೆ ಹುಟ್ಟಿನಲ್ಲೇ ಅಂಗದೋಷ, ಮೂವತ್ತರಿಂದ ನಲವತ್ತು ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ತೊಂದರೆ ಕಾಣುತ್ತದೆ. ಹಾಗಾಗಿ ಹುಡುಗಿ ಪ್ರಾಯಕ್ಕೆ ಬರುವ ಮೊದಲೇ ಬೇರೆ ಔಷಧಿ ಸಾಧ್ಯವೇ ಎಂದು ನರರೋಗ ತಜ್ಞರ ಜೊತೆ ಕೂತು ಮಾತಾಡಿ. ತೂಕದ ನೆಪದಲ್ಲಾದರೂ ಈ ಮಾತು ಶುರುವಾಗಲಿ.

ಡಾಕ್ಟರ ಬಳಿ

'ತುಂಬ ದಪ್ಪಗಾಗಿದ್ದಾನೆ' ಎನ್ನುವ ಮಾತಿಗೆ ಉತ್ತರ ಕೊಡುವುದು ಯಾರಿಗೂ ಕಷ್ಟ. ಬಾಣದ ಗುರುತಿರುವ ಚಾರ್ಟು, ಮೂರು ದಿನದ ಊಟದ ಪಟ್ಟಿ (ಅದರಲ್ಲೊಂದು ರಜಾದಿನ), ಫಿಟ್ಸ್ ಡೈರಿ, ಎಲ್ಲ ಔಷಧಿಗಳ ಸ್ಟ್ರಿಪ್ಪು ಇಷ್ಟು ಮೇಜಿನ ಮೇಲಿಟ್ಟರೆ ಐದು ನಿಮಿಷದಲ್ಲಿ ಕೆಲಸವಾಗುತ್ತದೆ. ಡೋಸ್ ತಗ್ಗಿಸಲು ಜಾಗವಿದೆಯೇ, ಟೋಪಿರಮೇಟ್ ಆದರೆ ಇನ್ನೂ ನಿಧಾನವಾಗಿ ಏರಿಸಬಹುದೇ, ಬದಲಿ ಏನು, ಯಾವ ರಕ್ತಪರೀಕ್ಷೆ ಬೇಕು ಎಂದು ಕೇಳಿ.

ಬದಲಿ ಎಂದಾಕ್ಷಣ ತೂಕ ಏರಿಸದ ಯಾವುದಾದರೂ ನಡೆಯುತ್ತದೆ ಎಂದಲ್ಲ. ಫಿಟ್ಸ್‌ನ ಬಗೆ ನೋಡಿ ಆರಿಸಬೇಕು. ಉದಾಹರಣೆಗೆ ಕಾರ್ಬಮಝೆಪೀನ್ ಕೆಲ ಕ್ಷಣ ಮೈಮರೆಯುವ ಆಬ್ಸೆನ್ಸ್ ಮತ್ತು ಮೈ ಬೆಚ್ಚುವ ಮಯೋಕ್ಲೋನಿಕ್ ಫಿಟ್ಸ್‌ಗಳನ್ನು ಹೆಚ್ಚಿಸಬಲ್ಲದು. ಬದಲಾವಣೆಯೂ ನಿಧಾನ: ಹೊಸದನ್ನು ಏರಿಸುತ್ತಾ ಹಳೆಯದನ್ನು ಇಳಿಸುವುದು ವಾರಗಟ್ಟಲೆ ನಡೆಯುತ್ತದೆ. ವ್ಯಾಲ್ಪ್ರೋಯೇಟ್ ಜೊತೆಗೇ ಲ್ಯಾಮೋಟ್ರಿಜಿನ್ ಶುರು ಮಾಡಿದರೆ ಅದರ ಮಟ್ಟ ರಕ್ತದಲ್ಲಿ ಸುಮಾರು ಇಮ್ಮಡಿಯಾಗುತ್ತದೆ, ಬೇಗ ಏರಿಸಿದರೆ ಅಪಾಯದ ಚರ್ಮದ ಗುಳ್ಳೆಗಳು ಏಳಬಹುದು. ಆದ್ದರಿಂದ ತುಂಬ ಕಡಿಮೆಯಿಂದ ಶುರು. ಅಷ್ಟು ದಿನ ತಾಳ್ಮೆ ಬೇಕು, ಈ ನಡುವೆ ತೂಕ ಇನ್ನೂ ಕೊಂಚ ಏರಲೂಬಹುದು.

ತೂಕ ಬದಲಾದಾಗ ಡೋಸ್‌ನ ಲೆಕ್ಕ

ಮಕ್ಕಳ ಡೋಸ್ ಕಿಲೋ ಲೆಕ್ಕದ್ದು. 20 ಕಿಲೋದ ಮಗುವಿಗೆ ದಿನಕ್ಕೆ 600 ಮಿಲಿಗ್ರಾಂ ಲೆವೆಟಿರಸೆಟಮ್ ಎಂದರೆ ಕಿಲೋಗೆ 30. ಅದೇ ಮಗು ಬೆಳೆದು 26 ಕಿಲೋ ಆದಾಗ ಅದೇ 600 ಕಿಲೋಗೆ 23ಕ್ಕೆ ಇಳಿದಿರುತ್ತದೆ. ಚೆನ್ನಾಗಿದ್ದ ಮಗುವಿಗೆ ಒಂದೂವರೆ ವರ್ಷದ ಮೇಲೆ ಮತ್ತೆ ಫಿಟ್ಸ್ ಬಂದರೆ ಈ ಲೆಕ್ಕವನ್ನು ಮೊದಲು ನೋಡಬೇಕು. ತೂಕ ಇಳಿದರೆ ಉಲ್ಟಾ: ಅದೇ ಡೋಸ್ ಕಿಲೋ ಲೆಕ್ಕದಲ್ಲಿ ಏರಿ ಮಂಪರು, ತೂರಾಡುವ ನಡಿಗೆ ಕಾಣಿಸಿಕೊಳ್ಳಬಹುದು. ಬೊಜ್ಜಿನಿಂದ ತೂಕ ಏರಿದ ಮಗುವಿಗೆ ಕಿಲೋ ಲೆಕ್ಕವನ್ನು ಕಣ್ಣುಮುಚ್ಚಿ ಹಿಡಿಯುವುದಿಲ್ಲ, ದೊಡ್ಡವರ ಗರಿಷ್ಠ ಡೋಸ್ ದಾಟದಂತೆ ನೋಡುತ್ತಾರೆ. ಇದು ನೀವೇ ಬದಲಿಸಲಿಕ್ಕಲ್ಲ, ತೂಕ ನೂರಕ್ಕೆ ಹತ್ತು ಭಾಗ ಆ ಕಡೆ ಈ ಕಡೆಯಾದಾಗ ಡಾಕ್ಟರಿಗೆ ತಿಳಿಸಲಿಕ್ಕೆ.

ಸಿರಪ್ ಆದರೆ ಡೋಸನ್ನು ಮಿಲಿಗ್ರಾಂನಲ್ಲೇ ಬರೆದಿಟ್ಟುಕೊಳ್ಳಿ, ಬರೀ ಮಿಲೀ ಬರೆಯಬೇಡಿ. ಬಾಟಲಿ ಬದಲಾದಾಗ ಪ್ರತಿ ಮಿಲೀಗೆ ಎಷ್ಟು ಮಿಲಿಗ್ರಾಂ ಎಂಬುದೂ ಬದಲಾಗಬಹುದು. ಅಡುಗೆಮನೆಯ ಚಮಚ ಬಿಟ್ಟು ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಒಳಗೆ ಗಾಳಿಗುಳ್ಳೆ ಬಂದರೆ ಹಿಂದಕ್ಕೆ ತಳ್ಳಿ ಮತ್ತೆ ಎಳೆಯಿರಿ, ಗುಳ್ಳೆಯಷ್ಟು ಔಷಧಿ ಕಡಿಮೆಯಾಗಿರುತ್ತದೆ.

ಫಿಟ್ಸ್ ನಿಲ್ಲದಾಗ ಮನೆಯಲ್ಲೇ ಕೊಡಲೆಂದು ಇಟ್ಟ ಮಿಡಝೋಲಾಮ್ ಅಥವಾ ಡಯಾಝೆಪಾಮ್‌ದನ್ನು ಎಲ್ಲರೂ ಮರೆಯುತ್ತಾರೆ. ಅದರ ಡೋಸನ್ನೂ ಮಗುವಿನ ವಯಸ್ಸು, ತೂಕ ನೋಡಿಯೇ ಬರೆದಿರುತ್ತಾರೆ. ಎರಡು ವರ್ಷದ ಹಿಂದೆ 14 ಕಿಲೋ ಇದ್ದಾಗ ಬರೆದದ್ದೇ 20 ಕಿಲೋ ಆದ ಮೇಲೂ ಚೀಲದಲ್ಲಿ ಕೂತಿದ್ದರೆ ಬೇಕಾದ ಹೊತ್ತಿಗೆ ಸಾಲದೆ ಹೋಗಬಹುದು. ಪ್ರತಿ ಆರು ತಿಂಗಳಿಗೊಮ್ಮೆ ಆ ಚೀಲ ತೆಗೆದು, ಡಬ್ಬಿಯ ಮೇಲಿನ ಅವಧಿ ಮುಗಿಯುವ ದಿನ ನೋಡಿ, ಇಂದಿನ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೆ ಅಂಟಿಸಿ. ಶಾಲೆಯಲ್ಲಿ ಇಟ್ಟಿರುವ ಇನ್ನೊಂದು ಡಬ್ಬಿಗೂ ಹಾಗೇ ಮಾಡಿ.